ಗೇಣುದ್ದದ ಬಾಗಿಲು

ಬಸಯ್ಯನ ಹುಚ್ಚಿಗೆ ಮದ್ದಿಲ್ಲ ಎಂದು ಬಾಗಲಕೋಟೆ ನವನಗರದ ಆ ಓಣಿ ಎಂದೋ ತೀರ್ಮಾನಿಸಿಬಿಟ್ಟಿತ್ತು. ಅವನ ಹೆಂಡತಿ ಗುರುಲಿಂಗವ್ವ ಮಾತ್ರ ಇನ್ನೂ ತೀರ್ಮಾನಕ್ಕೆ ಬಂದಿರಲಿಲ್ಲ. ಅಲ್ಲ, ನೀವೇ ಹೇಳಿ, ಅರವತ್ತು ದಾಟಿದ ಗಂಡಸು ಹಿತ್ತಲಲ್ಲಿ ಮಂಚದಷ್ಟಗಲದ ಮನೆ ಕಟ್ಟಿ, ಅದಕ್ಕೆ ಗೇಣುದ್ದದ ಬಾಗಿಲು ಕೂರಿಸಿ, ಬಾಗಿಲಿಗೆ ಜೋಳದ ಕಾಳಿನಷ್ಟು ಚಿಲಕ ಹಚ್ಚಿ, ಆ ಚಿಲಕಕ್ಕೆ ತುಕ್ಕು ಹಿಡಿಯಲೆಂದು ದಿನಾ ಉಪ್ಪುನೀರು ಸವರುತ್ತ ಕೂತರೆ ಯಾವ ಹೆಂಡತಿ ತಾನೇ ಸುಮ್ಮನಿದ್ದಾಳು? ಅದೂ ಕಡೆಗೆ ನೀರು ಬಿಟ್ಟು ಕೆಡವಲಿಕ್ಕೆಂದೇ ಕಟ್ಟುತ್ತಿರುವ ಮನೆ!

ಆದರೂ ಅವಳು ಸುಮ್ಮನಿದ್ದಳು. ಯಾಕೆಂದರೆ ಆ ಮನೆ ಅವಳ ತವರುಮನೆಯ ತದ್ರೂಪು. ಹಳೇ ಬಾಗಲಕೋಟೆಯಲ್ಲಿ ಅಣೆಕಟ್ಟಿನ ಹಿನ್ನೀರಿಗೆ ಹೋದ ಓಣಿಗಳಲ್ಲಿ ಅವಳವ್ವನ ಓಣಿಯೂ ಒಂದು. ಕೆಂಪು ಗೋಡೆ, ಮಣ್ಣು ಮುಚ್ಚಿದ ಚಪ್ಪಟೆ ಮಾಳಿಗೆ, ಬಾಗಿಲಿನ ಎರಡೂ ಕಡೆ ಕೂರಲಿಕ್ಕೆ ಕಟ್ಟೆ. ಆ ಓಣಿಯ ಕಥೆಯನ್ನು ಬಸಯ್ಯ ಮನೆಮಟ್ಟಿಗೆ ಸಿನಿಮಾ ಮಾಡುತ್ತಿದ್ದ. ಕ್ಯಾಮೆರಾ ಸಾಹಿಲನದು. ಅವನು ಮದುವೆಗಳಿಗೆ ವಿಡಿಯೋ ತೆಗೆಯುವವನು, ಎರಡು ಮಕ್ಕಳ ತಂದೆ, ಬಸಯ್ಯನ ಮಾತೆಂದರೆ ಅವನಿಗೆ ಪ್ರಾಣ. ಪಾತ್ರಧಾರಿಗಳು ಓಣಿಯವರೇ. ಎದುರುಮನೆಯ ದಸ್ತಗೀರಬಿ ತನ್ನ ಪಾತ್ರವನ್ನು ತಾನೇ ಮಾಡಿದ್ದಳು, ಅದರಲ್ಲೂ ಎರಡು ಸಲ ಮಾತು ಮರೆತಿದ್ದಳು. ಎಲ್ಲ ಮುಗಿದು ಕಡೆಯ ಸೀನ್ ಒಂದೇ ಉಳಿದಿತ್ತು. ನೀರು ಬಂದು ಮನೆ ಬೀಳುವ ಸೀನ್.

"ಅಯ್ಯಾರ, ನಾ ಕಂಪ್ಯೂಟರ್‌ನ್ಯಾಗ ನೀರು ತರತೇನ್ರಿ," ಎಂದು ಸಾಹಿಲ ಮೊದಲೇ ಹೇಳಿದ್ದ. "ಒಂದು ಬಟನ್ ಒತ್ತಿದ್ರ ಸಾಕು, ಇಡೀ ಊರ ಮುಳುಗಿಸತೇನಿ."

"ಕಂಪ್ಯೂಟರ್ ನೀರಿಗೆ ಮಣ್ಣ ಕರಗೂದಿಲ್ಲಲೇ," ಎಂದಿದ್ದ ಬಸಯ್ಯ. ಆ ಮಾತು ಅಲ್ಲಿಗೇ ಮುಗಿದಿತ್ತು.

ಈ ಹಟ ಎಲ್ಲಿಂದ ಬಂತು ಎಂದರೆ, ಅವನು ಹಳೆಯ ಕಂಪನಿ ನಾಟಕಗಳ ಟ್ರಿಕ್‌ಸೀನ್ ಬಸಯ್ಯ. ಇಳಕಲ್ಲಿನಲ್ಲಿ ಕಂಪನಿ ಕ್ಯಾಂಪ್ ಹಾಕಿದರೆ ಹುನಗುಂದದಿಂದ ಜನ ಗಾಡಿ ಕಟ್ಟಿಕೊಂಡು ಬರುತ್ತಿದ್ದರು, ಕಥೆಗಲ್ಲ, ಟ್ರಿಕ್‌ಸೀನಿಗೆ. ನೀಲಿ ಸೀರೆಗಳನ್ನು ಅಲುಗಿಸಿ ಸಮುದ್ರ ಮಾಡಿದವನು ಅವನು, ರಂಜಕದ ಪುಡಿ ಊದಿ ಬೆಂಕಿ ಎಬ್ಬಿಸಿ ಅರಮನೆ ಸುಟ್ಟವನು, ಹಗ್ಗ ಎಳೆದು ವಿಮಾನ ಹಾರಿಸಿದವನು. ಆದರೆ ಏನು ದುರ್ದೈವ ನೋಡಿ, ತನ್ನ ಒಂದು ಸೀನನ್ನೂ ಅವನು ಮುಂದೆ ಕೂತು ಕಂಡವನಲ್ಲ. ಹಗ್ಗ ಹಿಡಿದವನಿಗೆ ಪರದೆಯ ಹಿಂಬದಿಯೇ ಗತಿ. ಸೀನ್ ಸರಿಹೋಯಿತೋ ಕೆಟ್ಟಿತೋ ಎನ್ನುವುದನ್ನು ಜನರ ಸದ್ದಿನಿಂದ ತಿಳಿಯಬೇಕು. ಜನ ಉಸಿರು ಬಿಗಿಹಿಡಿದರೆ ಸರಿಹೋಯಿತು. ಒಂದು ಸಲ ಹಗ್ಗ ಗಾಲಿಗೆ ಸಿಕ್ಕು ವಿಮಾನ ನಡುವೆ ತಲೆಕೆಳಗಾಗಿ ಜೋತುಬಿದ್ದಿತು. ಇಳಕಲ್ಲಿನ ಜನ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಆ ನಗು ತನ್ನ ಕಿವಿಯಲ್ಲಿ ಇವತ್ತಿಗೂ ಇದೆ ಎಂದು ಅವನು ಮದುವೆಯಾದ ಹೊಸತರಲ್ಲೇ ಗುರುಲಿಂಗವ್ವನಿಗೆ ಹೇಳಿದ್ದ. ಕಂಪನಿ ಮುಚ್ಚಿತು, ಬೋರ್ಡು ಬರೆದ, ಬ್ಯಾನರ್ ಬಂದು ಬೋರ್ಡೂ ಹೋಯಿತು, ಥರ್ಮಾಕೋಲಿನ ಮಂಟಪ ಕೊರೆದ. ಆದರೆ ಒಮ್ಮೆಯಾದರೂ ಜನರ ನಡುವೆ ಕೂತು, ಅವರು ಉಸಿರು ಬಿಗಿಹಿಡಿಯುವುದನ್ನು ಕಣ್ಣಾರೆ ಕಾಣಬೇಕು ಎನ್ನುವ ಆಸೆ ಮಾತ್ರ ಹಾಗೇ ಉಳಿಯಿತು.

ಇಷ್ಟೇ ಆಗಿದ್ದರೆ ಗುರುಲಿಂಗವ್ವ ಅದನ್ನು ಹುಚ್ಚು ಎಂದು ನಕ್ಕು ಬಿಡುತ್ತಿದ್ದಳು. ಆದರೆ ಹೋದ ವರ್ಷದಿಂದ ಅವನ ಕೈ ನಡುಗತೊಡಗಿತ್ತು. ಮೊದಲು ಬಲಗೈ, ಆಮೇಲೆ ಎರಡೂ. ದವಾಖಾನೆಯಲ್ಲಿ ಡಾಕ್ಟರರು ಗುಳಿಗೆ ಬರೆದುಕೊಟ್ಟು, "ಮುಂದೆ ಸ್ವಲ್ಪ ಮರೆವೂ ಬರಬಹುದು, ಮನೆಯವರು ಗಮನಿಸ್ತಾ ಇರಿ," ಎಂದಿದ್ದರು. ಆ ಮಾತನ್ನು ಅವಳಿಗೆ ಮಾತ್ರ ಹೇಳಬಾರದಿತ್ತೇ? ಅವನ ಎದುರಿಗೇ ಹೇಳಿಬಿಟ್ಟರು. ಅವತ್ತಿನಿಂದ ಬಸಯ್ಯ ತನ್ನ ತಲೆಯನ್ನು ತಾನೇ ಕಾವಲು ಕಾಯತೊಡಗಿದ. ಒಂದು ದಿನ ಇಳಕಲ್ಲಿನಿಂದ ಬರುವಾಗ ಅಮೀನಗಡದಲ್ಲಿ ಚಹಾ ಕುಡಿಯಲು ಇಳಿದವನು, ಕರದಂಟಿನ ಪೊಟ್ಟಣ ಕೊಂಡು, ಬಂದ ದಾರಿಗೇ ತಿರುಗಿ ಹುನಗುಂದದ ಕಡೆ ಹೋಗುವ ಬಸ್ಸನ್ನೇ ಹತ್ತಿ ಕೂತುಬಿಟ್ಟ. ಇಂಥದು ಯಾರಿಗೂ ಆಗುತ್ತದೆ. ಗುರುಲಿಂಗವ್ವ ನಕ್ಕಳು. ಅವನು ನಗಲಿಲ್ಲ, ಎರಡು ದಿನ ಸರಿಯಾಗಿ ಉಣ್ಣಲೂ ಇಲ್ಲ.

"ಈ ಸೀನ್ ಸರಿ ಬರಬೇಕು ನೋಡು," ಎಂದ ಒಂದು ಮಧ್ಯಾಹ್ನ, ಹಿತ್ತಲಲ್ಲಿ ಕೂತು. "ಎಲ್ಲಾ ಲೆಕ್ಕ ನನ್ನ ತಲ್ಯಾಗ ಐತಿ. ಯಾವ ಗ್ವಾಡಿ ಮದಲ ಬೀಳಬೇಕು, ಮಾಳಿಗಿ ಎಲ್ಲಿ ಮುರೀಬೇಕು, ನೀರು ಎಷ್ಟು. ಇದು ಸರಿ ಬಂತಂದ್ರ ನನ್ನ ತಲಿ ಸರಿ ಐತಿ. ತಪ್ಪಿತಂದ್ರ ಆ ಡಾಕ್ಟರ್ ಹೇಳಿದ್ದು ಖರೆ."

"ಹಂಗೆಲ್ಲ ಹುಚ್ಚುಚ್ಚಾರ ಮಾತಾಡಬ್ಯಾಡ್ರಿ."

"ಹುಚ್ಚಲ್ಲ. ಲೆಕ್ಕ."

ಅವತ್ತಿನಿಂದ ಅವಳೂ ಆ ಮನೆಯ ಕೆಲಸಕ್ಕೆ ಕೂತಳು. ಬಾದಾಮಿಯ ಗುಡ್ಡದ ಕೆಂಪು ಉಸುಕು ತರಿಸಿ ಸೀರೆಯಲ್ಲಿ ಜರಡಿ ಹಿಡಿದಳು, ಯಾಕೆಂದರೆ ಸಾಮಾನ್ಯ ಜರಡಿಯಲ್ಲಿ ಇಳಿದ ಉಸುಕು ಆ ಗೋಡೆಯ ಮೇಲೆ ಕಡಲೆಕಾಳಿನಂತೆ ಕಾಣುತ್ತದಂತೆ. ಅವನು ಕುಂಚ ಹಿಡಿದಾಗ ಅವಳು ಅವನ ಮಣಿಕಟ್ಟನ್ನು ತನ್ನ ಎರಡೂ ಕೈಯಿಂದ ಹಲಗೆಗೆ ಒತ್ತಿ ಹಿಡಿಯುತ್ತಿದ್ದಳು. ಹಾಗೆ ಒತ್ತಿದರೆ ಬೆರಳುಗಳು ಒಂದಿಷ್ಟು ಹೊತ್ತು ಮಾತು ಕೇಳುತ್ತಿದ್ದವು. ಒಂದೊಂದು ಕಿಟಕಿಯ ಸರಳು, ಒಂದೊಂದು ಗೂಡು ಹೀಗೆ ಇಬ್ಬರ ಕೈಯಿಂದ ಆದದ್ದು. ಚಳಿಗಾಲ ಪೂರ್ತಿ ಅದರಲ್ಲೇ ಹೋಯಿತು. ಕಡೆಕಡೆಗೆ ಒತ್ತಿ ಹಿಡಿದರೂ ಬೆರಳು ನಿಲ್ಲುತ್ತಿರಲಿಲ್ಲ, ಇಂಥದೊಂದು ಮನೆ ಇನ್ನು ಈ ಕೈಯಿಂದ ಆಗುವುದಿಲ್ಲ ಎನ್ನುವುದು ಇಬ್ಬರಿಗೂ ಗೊತ್ತಿತ್ತು.

ನಡುನಡುವೆ ಜಗಳವೂ ಆಗುತ್ತಿತ್ತು ಅನ್ನಿ. ಒಮ್ಮೆ ಅವಳು ಖುಷಿಯಿಂದ ಹಳೆಯ ಇಳಕಲ್ ಸೀರೆಯ ಸೆರಗಿನ ತುಂಡೊಂದನ್ನು ಕತ್ತರಿಸಿ ಆ ಪುಟ್ಟ ಮಾಳಿಗೆಯ ಮೇಲೆ ಒಣಹಾಕಿದಳು. ತನ್ನ ಅವ್ವ ಹಾಗೆ ಹಾಕುತ್ತಿದ್ದಳಲ್ಲ ಎಂದು.

"ತಗಿ ಅದನ್ನ!" ಎಂದು ಕೂಗಿದ ಬಸಯ್ಯ. "ನೂಲಿನ ಎಳಿ ನೋಡು, ಬಾವಿ ಹಗ್ಗ ಕಂಡಂಗ ಕಾಣತೈತಿ. ಈ ಮನ್ಯಾಗ ಇರೋರು ಗೇಣುದ್ದದ ಮಂದಿ. ಅವರ ಸೀರಿ ಎಳಿ ಇಷ್ಟು ದಪ್ಪ ಇರತೈತೇನ?"

"ಗೇಣುದ್ದದ ಮಂದಿ ಎಲ್ಲದಾರ್ರಿ? ನನಗೊಬ್ಬರೂ ಕಾಣವಲ್ರು."

"ನಗಬ್ಯಾಡ. ಅಳತಿ ಒಂದು ತಪ್ಪಿದ್ರ ಮುಗೀತು. ಬ್ಯಾರೆ ಏನ ತಪ್ಪಿದ್ರೂ ಜನ ನಡಸ್ಕೋತಾರ. ಅಳತಿ ತಪ್ಪಿದ್ರ ನಗತಾರ."

ಅವಳು ಮೂಗು ಮುರಿದು ಸೀರೆಯ ತುಂಡನ್ನು ತೆಗೆದಳು. ಅವನು ಹೇಳಿದ್ದು ಅವಳಿಗೆ ಅರ್ಥವಾಗಿತ್ತು. ವಸ್ತುಗಳಿಗೆ ಅಳತೆ ಉಂಟು ಎಂದು ಅರ್ಥವಾಗಿತ್ತು.

ಸೀನ್ ತೆಗೆಯಲು ಶಿರೂರಿನಲ್ಲಿ ಅವಳ ತಮ್ಮ ಅಂದಾನಪ್ಪನ ಹೊಲವನ್ನು ಆರಿಸಿದರು. ಅಲ್ಲಿ ಕೃಷಿ ಹೊಂಡವಿತ್ತು, ಹೊಂಡದ ಏರಿಯ ಮೇಲೆ ತಗಡಿನ ದೊಡ್ಡ ನೀರಿನ ಟಾಕಿ. ಟಾಕಿಯ ಬಾಯಿಗೆ ಹಲಗೆಯ ಬಾಗಿಲು ಕೂರಿಸಿ, ಅದನ್ನು ಎಳೆದರೆ ನೀರು ಒಮ್ಮೆಲೇ ಇಳಿದು ಕೆಳಗಿನ ಮನೆಗೆ ಬಡಿಯಬೇಕು. ಮನೆಯನ್ನು ಟಂಟಂ ಗಾಡಿಯಲ್ಲಿ ಹುಲ್ಲಿನ ಮೇಲಿಟ್ಟು ತಂದರು. ಬಾಗಲಕೋಟೆಯಿಂದ ಶಿರೂರಿನವರೆಗೆ ಬಸಯ್ಯ ಹಿಂದೆ ಕೂತು ಅದನ್ನು ತಬ್ಬಿಕೊಂಡೇ ಬಂದ. ದಾರಿಯಲ್ಲಿ ಸಿಕ್ಕವರು, "ಅಯ್ಯಾರ, ಯಾವ ದೇವರ ಗುಡಿ ಒಯ್ಯಾಕತ್ತೀರಿ?" ಎಂದು ಕೇಳಿದರು. ಅವನು ಖುಷಿಯಲ್ಲಿದ್ದ, ಎಲ್ಲರಿಗೂ ಕೈ ಬೀಸಿದ.

ಮೊದಲು ಪೂಜೆ. ಕೆಲಸ ಯಾವುದೇ ಇರಲಿ, ಕಾಯಿ ಒಡೆಯದೆ ಕಂಪನಿಯವರು ಹಗ್ಗ ಮುಟ್ಟುತ್ತಿರಲಿಲ್ಲ. ಗುರುಲಿಂಗವ್ವ ಟಾಕಿಗೆ ವಿಭೂತಿ ಹಚ್ಚಿದಳು, ಹೂ ಇಟ್ಟಳು. ಸಾಹಿಲನ ಎರಡು ಕ್ಯಾಮೆರಾಗಳಿಗೂ ಊದುಬತ್ತಿ ಬೆಳಗಿದಳು. ಒಂದು ದೊಡ್ಡದು, ದೂರದಲ್ಲಿ ಮೂರು ಕಾಲಿನ ಮೇಲೆ. ಇನ್ನೊಂದು ಅಂಗೈಯಗಲದ್ದು, ನೀರಿಗೆ ಕೆಡದಂತೆ ಗಾಜಿನ ಡಬ್ಬಿಯಲ್ಲಿ, ಬಾಗಿಲಿಗೆ ಹತ್ತಿರ ಕಲ್ಲಿನ ಸಂದಿಯಲ್ಲಿ. ಅದೂ ಅತಿ ವೇಗದಲ್ಲಿ ಓಡುತ್ತಿರಬೇಕು, ಆಮೇಲೆ ನಿಧಾನವಾಗಿ ತೋರಿಸಿದರೆ ನೀರು ಭಾರವಾಗಿ, ದೊಡ್ಡ ಹೊಳೆಯ ಹಾಗೆ ಕಾಣುತ್ತದೆ ಎಂದು ಬಸಯ್ಯ ವಿವರಿಸಿದ. ಅಂದಾನಪ್ಪ ಎಲ್ಲ ತಿಳಿದವನಂತೆ ತಲೆಯಾಡಿಸಿದ.

ಬಸಯ್ಯ ಕಡೆಗೊಮ್ಮೆ ಮನೆಯ ಮುಂದೆ ಮಂಡಿಯೂರಿದ. ಮಾಳಿಗೆಯ ತೊಲೆಗಳನ್ನು ಹಿಡಿದಿದ್ದ ಕಡ್ಡಿಗಳನ್ನು ಒಂದೊಂದಾಗಿ ಎಳೆದ. ಕೈ ನಡುಗುತ್ತಿತ್ತು, ಆದರೂ ಒಂದು ಕಣ ಮಣ್ಣು ಉದುರಲಿಲ್ಲ. ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಹೇಳಿದ:

"ಇನ್ನ ಯಾರೂ ಮುಟ್ಟಬ್ಯಾಡ್ರಿ. ಕಡೀ ಕೈ ನಂದು."

ಟಾಕಿಯ ಹಲಗೆಯನ್ನು ಒಬ್ಬರಿಂದ ಎಳೆಯಲಾಗುತ್ತಿರಲಿಲ್ಲ. ಕಡೆಯ ಗಳಿಗೆಯಲ್ಲಿ ಮೊಬೈಲಿನಿಂದಲೇ ಎರಡೂ ಕ್ಯಾಮೆರಾ ಚಾಲೂ ಮಾಡುತ್ತೇನೆಂದು ಸಾಹಿಲ ಬಸಯ್ಯನ ಜೊತೆ ಏರಿ ಹತ್ತಿದ, ಇಬ್ಬರೂ ಟಾಕಿಯ ಹಿಂದೆ ಮರೆಯಾದರು. ಟಾಕಿ ಒಂದಿಷ್ಟು ಕಡಿಮೆಯಾಗಿದೆ ಎಂದು ಅಂದಾನಪ್ಪ ಮೋಟರ್ ಹಚ್ಚಲು ಓಡಿದ. ಕೆಳಗೆ ಗುರುಲಿಂಗವ್ವ ಒಬ್ಬಳೇ ಉಳಿದಳು, ಅವಳ ಎದುರಿಗೆ ಅವಳವ್ವನ ಮನೆ.

ಇಳಿಬಿಸಿಲು ಕೆಂಪು ಗೋಡೆಯ ಮೇಲೆ ಬಿದ್ದಿತ್ತು. ಅವಳು ಬಗ್ಗಿ, ಇನ್ನೂ ಬಗ್ಗಿ, ಕೆನ್ನೆ ನೆಲಕ್ಕೆ ತಾಗುವಷ್ಟು ಬಗ್ಗಿ ನೋಡಿದಳು. ಬಾಗಿಲಿನ ಒಳಗೆ ಕತ್ತಲು. ಆ ಕತ್ತಲು ಅವಳಿಗೆ ಗೊತ್ತಿತ್ತು, ಅಲ್ಲಿ ಎಡಕ್ಕೆ ಬೀಸುವ ಕಲ್ಲು, ಬಲಕ್ಕೆ ದೇವರ ಜಗಲಿ. ಊರು ಬಿಡುವಾಗ ಓಣಿಯ ಹೆಂಗಸರೆಲ್ಲ ತಂತಮ್ಮ ಬಾಗಿಲಿಗೆ ವಿಭೂತಿ ಕುಂಕುಮ ಹಚ್ಚಿ, ಹೊಸ್ತಿಲಿಗೆ ಹಣೆ ಹಚ್ಚಿ, ಹಿಂದಿರುಗಿ ನೋಡದೆ ಬಂದಿದ್ದರಂತೆ. ಅವ್ವ ಆ ವೇಳೆಗೆ ಹಾಸಿಗೆ ಹಿಡಿದಿದ್ದಳು, ಅವಳನ್ನು ಹೊತ್ತುಕೊಂಡೇ ಹೊರಗೆ ತಂದರು. ಮಗಳು ಮಾಡಬೇಕಿತ್ತು. ಮಗಳು, ಅಂದರೆ ತಾನು, ಆಗ ಹುನಗುಂದದಲ್ಲಿ ಬಾಣಂತಿ. ಹೀಗೆ ಆ ಓಣಿಯಲ್ಲಿ ಯಾರೂ ಕೈಮುಗಿಯದೆ ನೀರಿಗೆ ಹೋದ ಮನೆ ಅದೊಂದೇ. ಅವ್ವ ಸಾಯುವ ತನಕ ಇದನ್ನು ಹೇಳಿಕೊಂಡು ಅತ್ತಿದ್ದಳು.

ಈಗ ಅದೇ ಮನೆ ಇನ್ನೊಂದು ಸಲ ನೀರಿಗೆ ಹೊರಟಿತ್ತು. ಈ ಸಲವೂ ಸುಮ್ಮನೆ ಕಳಿಸುವುದೇ? ಹೆಣ್ಣುಮಗಳು ಎದುರಿಗೇ ನಿಂತಿದ್ದಾಳೆ!

ಅವಳ ಕೈ ತಾನಾಗಿ ಪೂಜೆಯ ತಟ್ಟೆಗೆ ಹೋಯಿತು. ವಿಭೂತಿಯ ಗಟ್ಟಿಯನ್ನು ನೀರಿನಲ್ಲಿ ತೇಯ್ದು, ಮೂರು ಬೆರಳಿನಿಂದ ಬಾಗಿಲಿನ ಮೇಲೆ ಅಡ್ಡಕ್ಕೆ ಎಳೆದಳು. ನಡುವೆ ಕುಂಕುಮದ ಬೊಟ್ಟು. ಮನೆ ಅಲುಗಲಿಲ್ಲ, ಅಷ್ಟು ಹಗುರಾಗಿ ಹಚ್ಚಿದಳು. "ಯವ್ವಾ, ತಡಾ ಆತು," ಎಂದಳು. ಹೊಸ್ತಿಲಿಗೆ ಹಣೆ ಹಚ್ಚಲು ಅದು ಬೆರಳಿನಷ್ಟು ಉದ್ದ, ಹಾಗಾಗಿ ಮಣ್ಣಿಗೇ ಹಚ್ಚಿದಳು. ಅಳತೆಯ ಮಾತು ಅವಳ ನೆನಪಿಗೆ ಬರಲೇ ಇಲ್ಲ. ವಿಭೂತಿಗೆ ಯಾರು ಅಳತೆ ನೋಡುತ್ತಾರೆ?

"ಸರೀರಿ, ಕ್ಯಾಮೆರಾ ಚಾಲೂ ಮಾಡತೇನಿ!" ಎಂದು ಮೇಲಿನಿಂದ ಸಾಹಿಲನ ಕೂಗು ಬಂತು. ಅವಳು ಸರಿದು ನಿಂತಳು.

ನೀರು ಬಂದ ರೀತಿಯನ್ನು ಏನೆಂದು ಹೇಳುವುದು! ಏರಿ ಇಳಿದು, ಕಟ್ಟೆಗೆ ಬಡಿದು ಎದ್ದು, ಬಾಗಿಲಿನೊಳಗೆ ನುಗ್ಗಿತು. ಮೊದಲು ಮೂಲೆ ಕಳಚಿತು. ಮಾಳಿಗೆ ನಡುವಿನಲ್ಲಿ ಬಗ್ಗಿ, ಒಂದು ಕ್ಷಣ ನಿಂತು, ಕುಸಿಯಿತು. ಗೋಡೆಯ ಕೆಂಪು ನೀರಿನಲ್ಲಿ ಹರಡಿತು. ಬಸಯ್ಯ ಹೇಳಿದ ಹಾಗೆ, ಅವನು ಹೇಳಿದ ಸರದಿಯಲ್ಲೇ, ಒಂದೂ ತಪ್ಪದೆ. ಅವನು ಏರಿಯ ಮೇಲೆ ನಿಂತು ಚಿಕ್ಕ ಹುಡುಗನ ಹಾಗೆ ಕೇಕೆ ಹಾಕಿದ. ಇಳಿದು ಬಂದು ಅಂದಾನಪ್ಪನ ಎದುರಿಗೇ ಹೆಂಡತಿಯ ಹೆಗಲ ಮೇಲೆ ಕೈ ಹಾಕಿದ, ಮದುವೆಯಾದಾಗಿನಿಂದ ನಾಲ್ಕು ಜನರೆದುರು ಹಾಗೆ ಮಾಡಿದವನೇ ಅಲ್ಲ.

"ನೋಡಿದೇನ? ಎಲ್ಲಾ ನನ್ನ ಲೆಕ್ಕದಂಗ ಬಂತು. ನನ್ನ ತಲಿಗೆ ಏನೂ ಆಗಿಲ್ಲ."

"ನಾ ಹೇಳಿರಲಿಲ್ಲೇನ್ರಿ," ಎಂದು ಅವಳು ಕಣ್ಣೊರೆಸಿಕೊಂಡಳು. ಆ ಸಂತೋಷದಲ್ಲಿ ವಿಭೂತಿಯ ಮಾತು ಯಾರಿಗೆ ಬೇಕು? ಅದೂ ಮನೆಯ ಜೊತೆಗೇ ತೊಳೆದುಹೋಗಿತ್ತು.

ತೆಗೆದದ್ದನ್ನು ಅಲ್ಲೇ ತೋರಿಸುತ್ತೇನೆ ಎಂದ ಸಾಹಿಲ. ಬಸಯ್ಯ ಬೇಡವೆಂದ. ಕೂಡಿಸುವುದು ಕತ್ತರಿಸುವುದು ಎಲ್ಲ ನೀನೇ ಮಾಡು, ನನಗೆ ತೋರಿಸಬೇಡ, ನಾನು ಓಣಿಯ ಜನರ ನಡುವೆ ಕೂತು ಮೊದಲ ಸಲ ನೋಡಬೇಕು ಎಂದ. ಹಟ ಅಂದರೆ ಹಟ. ಸಾಹಿಲ ಒಪ್ಪಿಕೊಂಡ.

ಮುಂದಿನ ಅಮಾವಾಸ್ಯೆ ಕಳೆದ ಮೇಲೆ ಒಂದು ಸಂಜೆ ಓಣಿಯಲ್ಲಿ ಬಿಳಿ ಬಟ್ಟೆ ಕಟ್ಟಿದರು. ಹಳೇ ಓಣಿಯಿಂದ ಬಂದು ನವನಗರದ ಬೇರೆ ಬೇರೆ ಸೆಕ್ಟರಿನಲ್ಲಿ ಚದುರಿಹೋಗಿದ್ದವರೆಲ್ಲ ಬಂದರು. ಜಮಖಾನೆ ಸಾಲಲಿಲ್ಲ. ಬಸಯ್ಯ ಇಸ್ತ್ರಿಯ ಅಂಗಿ ಹಾಕಿಕೊಂಡು ಎಲ್ಲರ ನಡುವೆ ಕೂತ, ಪಕ್ಕದಲ್ಲಿ ಗುರುಲಿಂಗವ್ವ. ಅವನ ಕೈ ಅವಳ ಕೈಯೊಳಗಿತ್ತು.

ಸಿನಿಮಾ ಚೆನ್ನಾಗಿಯೇ ನಡೆಯಿತು. ದಸ್ತಗೀರಬಿ ತನ್ನನ್ನು ತಾನೇ ಕಂಡು ನಾಚಿ ಸೆರಗು ಎಳೆದುಕೊಂಡಳು. ಕಡೆಯ ಸೀನ್ ಬಂತು. ದೂರದಿಂದ ಕಂಡ ಆ ಮನೆ, ಕೆಂಪು ಗೋಡೆ, ಇಳಿಬಿಸಿಲು. ಎಲ್ಲೋ ನೀರಿನ ಸದ್ದು. ಜಮಖಾನೆಯ ಮೇಲೆ ಒಬ್ಬರೂ ಕೆಮ್ಮಲಿಲ್ಲ.

"ಯಾ ಅಲ್ಲಾ, ಇದು ನಮ್ಮ ಓಣಿ," ಎಂದಳು ದಸ್ತಗೀರಬಿ, ಮೆಲ್ಲಗೆ. "ಗುರುಲಿಂಗವ್ವನ ಅವ್ವನ ಮನಿ. ಇದನ್ನ ಯಾವಾಗ ತಗದಿಟ್ಟಿದ್ರು?"

ಜನ ಉಸಿರು ಬಿಗಿಹಿಡಿದಿದ್ದರು. ಬಸಯ್ಯ ಬಟ್ಟೆಯ ಕಡೆ ನೋಡುತ್ತಿರಲಿಲ್ಲ, ಜನರ ಮುಖ ನೋಡುತ್ತಿದ್ದ. ಆ ಮುಖಗಳ ಮೇಲಿನ ಬೆಳಕನ್ನು ಅವನು ಒಂದೊಂದಾಗಿ ನೋಡಿದ. ಅವನ ಜೀವಮಾನದಲ್ಲಿ ಅವನಿಗೆ ಸಿಕ್ಕಿದ್ದು ಅದಿಷ್ಟೇ.

ಹತ್ತಿರದ ಕ್ಯಾಮೆರಾದ ದೃಶ್ಯ ಬಂತು. ಗೇಣುದ್ದದ ಬಾಗಿಲು ಬಟ್ಟೆಯ ತುಂಬ ನಿಂತಿತು. ಅದರ ಮೇಲೆ ಮೂರು ಬಿಳಿಯ ಪಟ್ಟಿಗಳು, ಒಂದೊಂದೂ ತೊಲೆಯಷ್ಟು ದಪ್ಪ. ಬೆರಳಿನ ಗೆರೆಗಳು ಹೊಲದ ಸಾಲಿನಂತೆ ಎದ್ದು ಕಾಣುತ್ತಿದ್ದವು. ನಡುವೆ ಗಾಡಿಯ ಗಾಲಿಯಷ್ಟು ಕುಂಕುಮ.

ಹಿಂದೆ ಯಾರೋ ಮಗು, "ಅವ್ವಾ, ಬಾಗ್ಲಕ್ಕ ಯಾರದೋ ಕೈಬಟ್ಟು ಮೂಡ್ಯಾವ!" ಎಂದಿತು.

"ರಾಕ್ಷಸ ಬಂದು ವಿಭೂತಿ ಹಚ್ಚಿ ಹೋಗ್ಯಾನಲೇ!" ಎಂದ ಅಮಸಿದ್ದಪ್ಪ. ಅವನು ರಿಟಾಯರ್ಡ್ ಕಂಡಕ್ಟರ್, ಇಡೀ ಬಸ್ಸಿಗೆ ಕೇಳುವ ಗಂಟಲು ಅವನದು.

ಅಷ್ಟು ಸಾಕಾಯಿತು. ನಗು ಹಿಂದಿನಿಂದ ಎದ್ದು ಮುಂದೆ ಬಂತು. ಕೆಟ್ಟ ಮನಸ್ಸಿನ ನಗುವಲ್ಲ, ಪಾಪ, ಮೈಮರೆತು ನಂಬಿದವರಿಗೆ ತಟ್ಟನೆ ಆಟಿಕೆ ಸಾಮಾನು ಕಂಡರೆ ಬರುವ ನಗು. ದಸ್ತಗೀರಬಿ ಕೂಡ ನಕ್ಕಳು. ಆ ನಗೆಯ ನಡುವೆ ನೀರು ಬಂತು, ಮೂಲೆ ಕಳಚಿತು, ಮಾಳಿಗೆ ಬಗ್ಗಿ ನಿಂತು ಕುಸಿಯಿತು. ಒಬ್ಬರೂ ಅದನ್ನು ನೋಡಲಿಲ್ಲ. ಗುರುಲಿಂಗವ್ವನಿಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಅವನ ಕೈ ಅವಳ ಕೈಯಿಂದ ಯಾವಾಗ ಜಾರಿತೋ ತಿಳಿಯಲಿಲ್ಲ.

ಮನೆಗೆ ಬಂದು ಬಸಯ್ಯ ಪಡಸಾಲೆಯ ಗೋಡೆಗೆ ಒರಗಿ ಕೂತ. ಸಾಹಿಲ ಬೆನ್ನಹಿಂದೆಯೇ ಬಂದ, ಅವನ ಮುಖ ಬಾಡಿಹೋಗಿತ್ತು.

"ಅಯ್ಯಾರ, ತಪ್ಪ ತಿಳ್ಕೋಬ್ಯಾಡ್ರಿ. ಸೀನ್ ಕೂಡಿಸೂವಾಗ ಆ ವಿಭೂತಿ ನಾ ನೋಡಿದ್ನಿ. ನೀವೇ ಹಚ್ಚೀರಿ ಅಂತ ತಿಳಕೊಂಡ್ನಿ. ನಿಮ್ಮ ಪೂಜಿ ಇರಬೇಕು, ಅದನ್ನ ನಾ ಹೆಂಗ ಕೇಳಲಿ ಅಂತ ಸುಮ್ಮಾದ್ನಿ. ಒಂದ ಮಾತ ಹೇಳ್ರಿ, ಕಂಪ್ಯೂಟರ್‌ನ್ಯಾಗ ಅಳಸಿ ಬಿಡತೇನಿ."

"ನಕ್ಕೋರ ನಗಿ ಅಳಸ್ತಿ ಏನು?" ಎಂದ ಬಸಯ್ಯ. ಆಮೇಲೆ, "ನಾ ಹಚ್ಚಿಲ್ಲಲೋ," ಎಂದ. ಹೆಂಡತಿಯ ಕಡೆ ತಿರುಗಿದ. "ನೀ ಹಚ್ಚಿದೇನ?"

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಹೌದು ಅನ್ನು ಎಂದು ಬೇಡುವ ಹಾಗಿತ್ತು ಅದು. ಇದನ್ನು ಅವಳು ತಿಳಿದುಕೊಂಡದ್ದು ಆಮೇಲೆ. ಆಗ ಅವಳ ಕಿವಿಯಲ್ಲಿ ಇನ್ನೂ ಓಣಿಯ ನಗುವಿತ್ತು, ಯಾರೂ ಮುಟ್ಟಬೇಡಿ ಎಂದ ಅವನ ಮಾತಿತ್ತು, ಎದುರಿಗೆ ಹೊರಗಿನವನು ನಿಂತಿದ್ದ. ಹೆದರಿಕೆಗೆ ನಾಲಿಗೆ ತಾನೇ ಆಡಿಬಿಟ್ಟಿತು.

"ಇಲ್ರಿ. ನಾ ಯಾಕ ಮುಟ್ಟಲಿ? ನೀವು ಬ್ಯಾಡ ಅಂದಿದ್ರಲ್ಲ."

ಬಸಯ್ಯ ತನ್ನ ಬಲಗೈಯ ಮೂರು ಬೆರಳನ್ನು ಮುಂದೆ ಚಾಚಿ ನೋಡಿದ. ಅವು ಕುಣಿಯುತ್ತಿದ್ದವು.

"ಹಂಗಾರ ನಾನೇ," ಎಂದ. "ಕಡೀ ಕೈ ನಂದೇ ಅಲ್ಲೇನು. ದಿನಾ ಮುಂಜಾನೆ ಹಣಿಗೆ ಹಚ್ಕೋತೇನಲ್ಲ, ಹಂಗ ಅದಕ್ಕೂ ಹಚ್ಚಿರಬೇಕು. ನನಗ ನೆನಪೇ ಇಲ್ಲ ನೋಡು, ಸಾಹಿಲ. ಒಂದೀಟೂ ನೆಪ್ಪಿಲ್ಲ."

ಸಾಹಿಲ ಹೊರಗೆ ಹೋಗಿ ಗಾಡಿ ಚಾಲೂ ಮಾಡಿದ ಸದ್ದು ಕೇಳುವುದೇ ತಡ, ಗುರುಲಿಂಗವ್ವ ಗಂಡನ ಮುಂದೆ ಕುಸಿದು ಕೂತಳು.

"ಸುಳ್ಳ ಹೇಳಿದ್ನಿ. ನಾನೇ ಹಚ್ಚಿದ್ದು. ನೀವಿಬ್ರೂ ಮ್ಯಾಲಿದ್ರಿ. ಅವ್ವನ ಮನಿ ಅಂತ ನನ್ನ ಕೈ ತಡೀಲಿಲ್ಲ. ನಿಮ್ಮ ತಪ್ಪಲ್ರಿ, ನಿಮ್ಮ ತಲಿಗೆ ಏನೂ ಆಗಿಲ್ಲ. ನನ್ನ ಬೇಕಾದ್ರ ಬಡೀರಿ!"

ಅವನು ಅವಳ ತಲೆಯ ಮೇಲೆ ಕೈಯಿಟ್ಟ.

"ನನ್ನ ಸಮಾಧಾನಕ್ಕ ಹೇಳಬ್ಯಾಡ."

"ಲಿಂಗದ ಮ್ಯಾಲ ಆಣಿ, ನಾನೇ ರೀ!"

"ಮದಲ ಕೇಳಿದಾಗ ಏನಂದಿ? ಮನಸ್ಸಿನ ಮಾತು ಮದಲ ಬರತೈತಿ. ಇದು ನನ್ನ ಮುಖ ನೋಡಿ ಹೇಳೂ ಮಾತು. ನೀ ಭಾಳ ಚಲೋ ಹೆಂಗಸು. ಎದ್ದೇಳು, ಊಟಕ್ಕ ಹಾಕು."

ಅವಳು ಮರುದಿನ ಹೇಳಿದಳು, ಅದರ ಮರುದಿನವೂ. ಶಿರೂರಿಗೆ ಹೋಗಿ ತಮ್ಮನನ್ನು ಕರೆತಂದು ಹೇಳಿಸಿದಳು. ಅಂದಾನಪ್ಪ ಏನು ಹೇಳಿಯಾನು? ಅವನು ಮೋಟರ್ ಹಚ್ಚಲು ಹೋಗಿದ್ದ, ಕಂಡವನಲ್ಲ. ಆದ ತಪ್ಪನ್ನು ಒಪ್ಪಿಕೊಳ್ಳಲೂ ಸಾಕ್ಷಿ ಬೇಕೆಂದು ಅವಳಿಗೆ ಗೊತ್ತಿರಲಿಲ್ಲ. ಬಸಯ್ಯ ಇಬ್ಬರ ಮಾತನ್ನೂ ಮುಗುಳ್ನಗುತ್ತ ಕೇಳಿ, ಭಾವಮೈದುನನಿಗೆ ಚಹಾ ಮಾಡಿಕೊಡು ಎಂದ.

ಕುಂಚ, ಚಾಕು, ಸಣ್ಣ ಉಳಿಗಳನ್ನೆಲ್ಲ ಅವನು ಸಾಹಿಲನಿಗೆ ಕೊಟ್ಟ. ಒಬ್ಬನೇ ಹೊರಗೆ ಹೋಗುವುದನ್ನು ಬಿಟ್ಟ. ಅಮೀನಗಡ ಇರಲಿ, ಓಣಿಯ ತುದಿಯ ಅಂಗಡಿಗೂ ಹೋಗಲೊಲ್ಲ. ನಿಜಕ್ಕೂ ಮರೆವು ಬಂದಿತ್ತೋ ಇಲ್ಲವೋ, ಡಾಕ್ಟರರೂ ಹೇಳಲಾರರು. ಏನು ಮಾಡಿದರೂ ಮಾಡಿದೆನೋ ಇಲ್ಲವೋ ಎಂದು ಅವಳನ್ನೇ ಕೇಳಿಕೊಳ್ಳುವುದು ಮಾತ್ರ ಅವನಿಗೆ ರೂಢಿಯಾಯಿತು. ಅವಳು ಹೌದೆಂದರೆ ಹೌದು, ಇಲ್ಲವೆಂದರೆ ಇಲ್ಲ.

ಈಗ ಮುಂಜಾನೆ ಸ್ನಾನವಾದ ಮೇಲೆ ಅವನು ಮಣೆಯ ಮೇಲೆ ಕೂತು ಕಣ್ಣು ಮುಚ್ಚಿ ಮುಖ ಎತ್ತುತ್ತಾನೆ. ತನ್ನ ಕೈಯ ಮೇಲೆ ತನಗೆ ನಂಬಿಕೆಯಿಲ್ಲ ಎನ್ನುತ್ತಾನೆ. ಗುರುಲಿಂಗವ್ವ ವಿಭೂತಿ ತೇಯ್ದು, ಮೂರು ಬೆರಳಿನಿಂದ ಅವನ ಹಣೆಗೆ ಎಳೆಯುತ್ತಾಳೆ.

"ಹಚ್ಚಿದೇನ?" ಎಂದು ಕೇಳುತ್ತಾನೆ.

"ಹಚ್ಚೀನ್ರಿ," ಎನ್ನುತ್ತಾಳೆ ಅವಳು. "ನಾನೇ ಹಚ್ಚೀನಿ."

ಅವನು ನಂಬಿ ಏಳುತ್ತಾನೆ.